ಗರ್ಭಿಣಿಯ ಕ್ರಿಯಾಟಿನಿನ್ 0.5: ಕಿಡ್ನಿ ಸೋತಿಲ್ಲ, ಹೆಚ್ಚು ದುಡಿಯುತ್ತಿದೆ

‘ಗರ್ಭಿಣಿಯ ಕ್ರಿಯಾಟಿನಿನ್ 0.5ಕ್ಕೆ ಇಳಿದರೆ ಕಿಡ್ನಿ ದುರ್ಬಲವಾಗಿದೆ ಎಂದರ್ಥ’ ಎಂಬ ಸಂದೇಶ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿದೆ. ಇದು ತಪ್ಪು. ಕ್ರಿಯಾಟಿನಿನ್ ಎಂದರೆ ಸ್ನಾಯುಗಳಿಂದ ರಕ್ತಕ್ಕೆ ಸೇರುವ, ಕಿಡ್ನಿ ಸೋಸಿ ಹೊರಹಾಕುವ ಕಸ.

ಗರ್ಭ ನಿಂತ ಕೆಲವೇ ವಾರಗಳಲ್ಲಿ ರಕ್ತನಾಳಗಳು ಸಡಿಲಗೊಂಡು ಕಿಡ್ನಿಗೆ ಹರಿಯುವ ರಕ್ತ ಹೆಚ್ಚುತ್ತದೆ. ಸೋಸುವ ವೇಗ ಸುಮಾರು ಶೇ 50ರಷ್ಟು ಏರುತ್ತದೆ. ಕಸ ಬೇಗ ಹೊರಹೋದರೆ ರಕ್ತದಲ್ಲಿ ಉಳಿಯುವುದು ಕಡಿಮೆಯೇ ತಾನೆ? ಹಾಗಾಗಿ ಡೆಸಿಲೀಟರಿಗೆ 0.4ರಿಂದ 0.8 ಮಿಲಿಗ್ರಾಂ ಸಹಜ.

ನಿಜವಾಗಿ ಎಡವುವುದು ಇನ್ನೊಂದು ಕಡೆ. ಲ್ಯಾಬ್ ರಿಪೋರ್ಟಿನಲ್ಲಿ ಅಚ್ಚಾಗಿರುವ ‘ನಾರ್ಮಲ್’ ಮಿತಿ ಸಾಮಾನ್ಯವಾಗಿ ಗರ್ಭಿಣಿಯರಿಗೆಂದು ಮಾಡಿದ್ದಲ್ಲ. ಅದರೊಳಗೇ ಕೂರುವ 1.0 ಯಾರ ಕಣ್ಣಿಗೂ ಬೀಳದೆ ಜಾರಿಹೋಗುತ್ತದೆ. ಗರ್ಭಿಣಿಯಲ್ಲಿ ಸುಮಾರು 0.87 ದಾಟಿದರೇ ಕಾರಣ ಹುಡುಕಬೇಕು. ಇಜಿಎಫ್‌ಆರ್ (ಕ್ರಿಯಾಟಿನಿನ್ ನೋಡಿ ಸೂತ್ರದಿಂದ ಅಂದಾಜಿಸಿದ ಸೋಸುವ ವೇಗ) ಅಂಕಿಯನ್ನಂತೂ ಬದಿಗಿಡಿ, ಆ ಸೂತ್ರ ಗರ್ಭಾವಸ್ಥೆಗೆ ಹೊಂದುವುದಿಲ್ಲ.

ಹಾಗೆಯೇ ಗರ್ಭಿಣಿಯ ಮೂತ್ರದಲ್ಲಿ ತುಸು ಸಕ್ಕರೆ ಕಂಡ ಮಾತ್ರಕ್ಕೆ ಮಧುಮೇಹ ಎನ್ನಲಾಗದು, ರಕ್ತಪರೀಕ್ಷೆಯೇ ಬೇಕು. ಸ್ಕ್ಯಾನಿನಲ್ಲಿ ಬಲಗಡೆಯ ಕಿಡ್ನಿ ಸ್ವಲ್ಪ ಊದಿದಂತೆ ಕಾಣುವುದೂ ಸಾಮಾನ್ಯ. ಪ್ರೋಟೀನಿನ ಮಾತು ಬೇರೆ: 20 ವಾರದ ನಂತರ ಬಿಪಿ 140/90 ಮುಟ್ಟಿ, ಮೂತ್ರದಲ್ಲಿ 24 ಗಂಟೆಗೆ 300 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚು ಪ್ರೋಟೀನ್ ಹೋಗುತ್ತಿದ್ದರೆ ಪ್ರಿಎಕ್ಲಾಂಪ್ಸಿಯಾ (ಗರ್ಭಾವಸ್ಥೆಯಲ್ಲಿ ಬಿಪಿ ಏರಿ ತಾಯಿ, ಮಗು ಇಬ್ಬರಿಗೂ ಅಪಾಯ ತರಬಲ್ಲ ಕಾಯಿಲೆ) ಶಂಕೆ. ಅದೇ ದಿನ ಆಸ್ಪತ್ರೆಗೆ ಹೋಗಬೇಕು.