ಕಾರ್ಡಿನ ಬೆನ್ನು

ಚಿಕ್ಕಮ್ಮನ ಹುಟ್ಟುಹಬ್ಬಕ್ಕೆ ನಾನೇ ಕೂತು ಮಾಡಿದ ಗ್ರೀಟಿಂಗ್ ಕಾರ್ಡ್ ಕೊಟ್ಟೆ. ಕನ್ನಡಕ ಹುಡುಕಿ ಹಾಕ್ಕೊಂಡ್ರು, ಮುಂದುಗಡೆ ಇದ್ದ ಹೂವನ್ನ ಒಂದು ಸಲ ನೋಡಿದ್ರು, ಆಮೇಲೆ ಕಾರ್ಡನ್ನ ತಿರುಗಿಸಿ ಅದರ ಬೆನ್ನು ನೋಡಿದ್ರು. ಬೆನ್ನು ಖಾಲಿ. ಮತ್ತೆ ಮುಂದಕ್ಕೆ ತಿರುಗಿಸಿ, "ಪ್ರಿಂಟು ಬಹಳ ಚೆನ್ನಾಗಿ ಬಂದಿದೆ ಕಣೇ, ರೇಟ್ ಚೀಟಿ ಕಿತ್ಬಿಟ್ಟಿದೀಯ, ಎಷ್ಟಾಯ್ತು?" ಅಂದ್ರು.

"ನಾನೇ ಮಾಡಿದ್ದು ಚಿಕ್ಕಮ್ಮ."

"ಹೌದಾ" ಅಂದ್ರು. ಆ "ಹೌದಾ" ಇದೆಯಲ್ಲ, ಪಕ್ಕದ ಮನೆ ಮಗು ನಾನು ಇವತ್ತು ಹುಲಿ ನೋಡ್ದೆ ಅಂದಾಗ ನಾವು ಹೇಳ್ತೀವಲ್ಲ, ಅದೇ ಹೌದಾ. ಅಲ್ಲಿಗೆ ಮಾತು ಮುಗೀತು, ಕಾರ್ಡು ಟೀಪಾಯ್ ಮೇಲೆ ಹೋಯ್ತು, ಅದರ ಮೇಲೆ ಕನ್ನಡಕದ ಡಬ್ಬಿ ಬಂತು.

ನಂಗೆ ಕೋಪ ಬರಲಿಲ್ಲ ಅಂತ ಬರೆದ್ರೆ ಅದು ಸುಳ್ಳು. ಮೂರು ಸಂಜೆ ಹೋಗಿದೆ ಆ ಹೂವಿಗೆ. ಮೊದಲನೇ ಸಂಜೆ ಇಡೀ ಕಾಗದ ಹಾಳು ಮಾಡೋದ್ರಲ್ಲೇ ಕಳೀತು. ಸ್ಟೆನ್ಸಿಲ್ ಅಂದ್ರೆ ಹೂವಿನ ಆಕಾರ ಕೊರೆದ ಪ್ಲಾಸ್ಟಿಕ್ ಹಾಳೆ, ಅದನ್ನ ಕಾಗದದ ಮೇಲೆ ಇಟ್ಟು, ನಾಲ್ಕೂ ಕಡೆ ಟೇಪ್ ಹಚ್ಚಿ, ಶೇವಿಂಗ್ ಬ್ರಷ್ಷಿನ ಮರಿ ತರ ಇರೋ ಆ ಗುಂಡು ಬ್ರಷ್ಷನ್ನ ಇಂಕ್ ಪ್ಯಾಡಿಗೆ ಒತ್ತಿ, ಸುತ್ತಿಸಿ ಸುತ್ತಿಸಿ ಬಣ್ಣ ತುಂಬಬೇಕು, ಅದೂ ನೇರ ಕಾಗದದ ಮೇಲೆ ಶುರು ಮಾಡಂಗಿಲ್ಲ, ಸ್ಟೆನ್ಸಿಲ್ಲಿನ ಪ್ಲಾಸ್ಟಿಕ್ ಮೇಲೆ ಎರಡು ಸುತ್ತು ಹೊಡೆದು ಜಾಸ್ತಿ ಇಂಕು ಅಲ್ಲೇ ಬಿಟ್ಟು ಆಮೇಲೆ ಮೆಲ್ಲಗೆ ದಳದ ಒಳಗೆ ಇಳೀಬೇಕು. ಇದು ಗೊತ್ತಿತ್ತು. ಗೊತ್ತಿದ್ದೂ ಅವಸರ ಮಾಡಿದೆ. ಸ್ಟೆನ್ಸಿಲ್ ಎತ್ತಿದಾಗ ಅಂಚಿನಡಿ ಇಂಕು ನುಗ್ಗಿ ಐದು ದಳದ ಹೂವಿಗೆ ಸುತ್ತಲೂ ಮೀಸೆ ಬಂದಿತ್ತು.

ಎರಡನೇ ಸಂಜೆ ಇನ್ನೂ ಚೆಂದ. ಹೂವು ಸರಿಯಾಗಿ ಕೂತಿತ್ತು, ಸುತ್ತ ಕಪ್ಪು ಗೆರೆ ಅಚ್ಚು ಒತ್ತಿ, ಒಣಗಲಿ ಅಂತ ಕಾದು, ವಾಟರ್‌ಕಲರ್ ಬ್ರಷ್ಷಲ್ಲಿ ಒಂದೇ ಒಂದು ತೊಟ್ಟು ನೀರು ತಗೊಂಡು ದಳದ ಬುಡಕ್ಕೆ ಮುಟ್ಟಿಸಿದೆ ಅಷ್ಟೇ. ಕಪ್ಪು ಗೆರೆ ಅನ್ನೋದು ಸದ್ದಿಲ್ಲದೆ ಕರಗಿ ಗುಲಾಬಿ ಬಣ್ಣದೊಳಗೆ ನಡೆದುಕೊಂಡು ಬಂತು. ಇಂಕಲ್ಲಿ ಎರಡು ಜಾತಿ, ಡೈ ಇಂಕು ಕಾಗದದೊಳಗೆ ಇಳಿಯುತ್ತೆ, ನೀರು ಕಂಡರೆ ಎಷ್ಟೋ ಸಲ ಮತ್ತೆ ಎದ್ದು ಹೊರಡುತ್ತೆ, ಪಿಗ್ಮೆಂಟ್ ಇಂಕು ಮೇಲೇ ಕೂರುತ್ತೆ, ಒಣಗೋಕೆ ಹೊತ್ತು ತಗೊಳ್ಳುತ್ತೆ, ಆದ್ರೆ ಒಂದು ಸಲ ಪೂರ್ತಿ ಒಣಗಿತು ಅಂದ್ರೆ ಸುಲಭಕ್ಕೆ ಜಗ್ಗಲ್ಲ. ನಾನು ತಪ್ಪು ಡಬ್ಬಿ ತೆಗೆದಿದ್ದೆ. ಯಾರೋ ಹೂವಿಗೆ ಹೊಡೆದು ಬಾಸುಂಡೆ ಬರಿಸಿದಂಗೆ ಕಾಣ್ತಿತ್ತು.

ಈ ವಿಡಿಯೋಗಳಲ್ಲಿ ಮಾಡಿ ತೋರಿಸ್ತಾರಲ್ಲ, ಅವರ ಬಗ್ಗೆ ಒಂದು ಮಾತು ಹೇಳಿಬಿಡ್ತೀನಿ. ಬರೀ ಎರಡು ಕೈ ಕಾಣುತ್ತೆ, ಉಗುರಿನ ಸಂದೀಲಿ ಒಂದು ಚುಕ್ಕೆ ಇಂಕು ಇರಲ್ಲ. ಸ್ಟೆನ್ಸಿಲ್ ಎತ್ತೋವಾಗ ಕ್ಯಾಮೆರಾ ಹತ್ತಿರ ಬರುತ್ತೆ, ವೀಣೆ ಸದ್ದೋ ಪಿಯಾನೋ ಸದ್ದೋ ಬರುತ್ತೆ, ಹೂವು ಅರಳಿಕೊಂಡಿರುತ್ತೆ. "ತುಂಬಾ ಸುಲಭ ಫ್ರೆಂಡ್ಸ್." ಸ್ಟೆನ್ಸಿಲ್ಲಿನ ಹಿಂಬದಿ ಪ್ರತಿ ಸಲ ಒರೆಸಬೇಕು, ಇಲ್ದಿದ್ರೆ ಹಳೇ ಇಂಕು ಹೊಸ ಕಾರ್ಡಿನ ಮೇಲೆ ದೆವ್ವದ ತರ ಮೂಡುತ್ತೆ ಅನ್ನೋದನ್ನ ಒಬ್ಬರಾದ್ರೂ ಮೊದಲೇ ಹೇಳಿದ್ರಾ ಕೇಳಿ. ಹೇಳಲ್ಲ.

ಚಿಕ್ಕಮ್ಮನ ವಿಷಯಕ್ಕೆ ಬರ್ತೀನಿ. ಅವರು ಕಾರ್ಡು ತಿರುಗಿಸಿದ ಆ ಗಳಿಗೇಲಿ ನಂಗೊಂದು ದೊಡ್ಡ ವಿಷಯ ಹೊಳೀತು, ಅದನ್ನ ಹೇಳೋಕೇ ಇದನ್ನ ಬರೆಯೋಕೆ ಕೂತಿದ್ದು. ಅದಕ್ಕೆ ಮುಂಚೆ ಒಬ್ಬ ಅಜ್ಜಿಯ ಕಥೆ ಹೇಳಬೇಕು.

ಮೇರಿ ಡೆಲನಿ ಅಂತ, ಇಂಗ್ಲೆಂಡಿನವರು, ಹುಟ್ಟಿದ್ದು 1700ರಲ್ಲಿ, ಹಂಗಾಗಿ ಅವರ ವಯಸ್ಸು ಲೆಕ್ಕ ಹಾಕೋದು ಬಹಳ ಸಲೀಸು, ಅದೊಂದಕ್ಕೇ ನಂಗೆ ಇಷ್ಟ. ಹದಿನೇಳರ ವಯಸ್ಸಲ್ಲಿ ಮನೆಯವರು ಅವರಪ್ಪನಿಗಿಂತ ದೊಡ್ಡವನಂಗಿದ್ದ ಮುದುಕನೊಬ್ಬನಿಗೆ ಕಟ್ಟಿಬಿಟ್ರು. ಆತ ತೀರಿಕೊಂಡ. ಎಷ್ಟೋ ವರ್ಷ ಆದ್ಮೇಲೆ, 1743ರಲ್ಲಿ, ಮನಸ್ಸಿಗೆ ಒಪ್ಪಿದ ಪಾದ್ರಿ ಒಬ್ಬರನ್ನ ಮದುವೆ ಆದ್ರು. 1768ರಲ್ಲಿ ಅವರೂ ಹೋದ್ರು. ಇಲ್ಲಿವರೆಗೆ ಇದು ಯಾರ ಮನೆ ಅಜ್ಜಿ ಕಥೇನಾದ್ರೂ ಆಗಬಹುದು. ಆಮೇಲೆ 1772ರಲ್ಲಿ, ಗೆಳತಿ ಡಚೆಸ್ ಒಬ್ಬಳ ಮನೇಲಿ ಇದ್ದಾಗ, ಒಂದು ದಿನ ಈಯಮ್ಮನ ಕಣ್ಣು ಜೆರೇನಿಯಂ ಹೂವಿನ ಮೇಲೆ ಬಿತ್ತು, ಪಕ್ಕದಲ್ಲೇ ಅದೇ ಕೆಂಪಿನ ಒಂದು ಕಾಗದ ಬಿದ್ದಿತ್ತು. ಕತ್ತರಿ ತಗೊಂಡ್ರು. ದಳ ದಳವಾಗಿ ಕತ್ತರಿಸಿ ಜೋಡಿಸ್ತಾ ಕೂತಿದ್ದಾಗ ಗೆಳತಿ ಒಳಗೆ ಬಂದು, ಅದೇನೇ ಆ ಹೂವಿನ ಜೊತೆ ಮಾಡ್ತಿದೀಯ ಅಂತ ಕೇಳಿದಳಂತೆ. ಕಾಗದ ಅಂತ ಗೊತ್ತೇ ಆಗಿಲ್ಲ ಅವಳಿಗೆ.

ಎಪ್ಪತ್ತೆರಡು ವರ್ಷ! ನಮ್ಮಲ್ಲಿ ಆ ವಯಸ್ಸಿಗೆ ಸೂಜಿಗೆ ದಾರ ಪೋಣಿಸಿಕೊಡು ಅಂತ ಮೊಮ್ಮಕ್ಕಳನ್ನ ಕರೀತಾರೆ. ಅಲ್ಲಿಂದ ಹತ್ತು ವರ್ಷ ಆಯಮ್ಮ ನಿಲ್ಲಿಸಲೇ ಇಲ್ಲ. ಹಿಂದುಗಡೆ ಕಡುಗಪ್ಪು ಕಾಗದ, ಅದರ ಮೇಲೆ ನೂರಾರು ಚೂರುಗಳಿಂದ ಕಟ್ಟಿದ ಒಂದೊಂದೇ ಗಿಡ, ಕೇಸರ ಸಮೇತ, ಎಲೆಯ ನರ ಸಮೇತ. ಒಂದು ಪ್ಯಾಶನ್ ಹೂವಿಗೆ ಇನ್ನೂರ ಮೂವತ್ತಕ್ಕೂ ಹೆಚ್ಚು ದಳದ ಚೂರು ಅಂಟಿಸಿದ್ದಾರೆ. ಬೇಕಾದ ಬಣ್ಣ ಸಿಗದಿದ್ರೆ ಕಾಗದಕ್ಕೆ ತಾವೇ ವಾಟರ್‌ಕಲರ್ ಬಳಿದುಕೊಳ್ತಿದ್ರು. ರಾಜನ ತೋಟದಿಂದ ಹೂವು ಬರ್ತಿತ್ತು, ಸಸ್ಯಶಾಸ್ತ್ರದ ಜೋಸೆಫ್ ಬ್ಯಾಂಕ್ಸ್ ಅಂಥವರೇ ಇವನ್ನ ನೋಡಿಕೊಂಡು ಗಿಡದ ವಿವರಣೆ ಬರೀಬಹುದು ಅಂತ ಮೆಚ್ಚಿದ್ರು. ಕೊನೆಗೆ ಕಣ್ಣು ಮಂಜಾಗಿ ನಿಲ್ಲಿಸಬೇಕಾಯ್ತು. ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿ 985 ಹೂವಿವೆ.

985! ನಂಗೆ ಈ ಸಂಖ್ಯೆ ರಾತ್ರಿ ಎಚ್ಚರ ಮಾಡಿಸುತ್ತೆ. ಇನ್ನು ಹದಿನೈದು. ಇನ್ನೊಂದು ಬೇಸಿಗೆ ಕಣ್ಣು ತಡೆದಿದ್ರೆ ಸಾವಿರ ಆಗ್ತಿತ್ತು, ನಾನಾಗಿದ್ರೆ ಕೊನೇ ಹದಿನೈದನ್ನ ಹೆಂಗೆಂಗೋ ಮುಗಿಸಿಬಿಡ್ತಿದ್ದೆ, ಹುಲ್ಲಿನ ಗರಿ ಹದಿನೈದು ಅಂಟಿಸಿ, ಲೆಕ್ಕ ಭರ್ತಿ. ಅದಕ್ಕೇ ಇರಬೇಕು ನನ್ನ ಹೂವು ಯಾವ ಮ್ಯೂಸಿಯಂಗೂ ಹೋಗದೆ ಕನ್ನಡಕದ ಡಬ್ಬಿ ಕೆಳಗೆ ಇರೋದು.

ಈ ಕಥೆ ಯಾಕೆ ಹೇಳಿದೆ ಅಂದ್ರೆ, ಆ ಅಜ್ಜಿಯ ಕಾಗದದ ಹೂವನ್ನ ನೋಡಿದವರು ನಿಜವಾದ ಹೂವು ಅಂದುಕೊಂಡ್ರು. ನನ್ನ ಕೈಯ ಹೂವನ್ನ ನೋಡಿದವರು ಮಷೀನಿನ ಹೂವು ಅಂದುಕೊಂಡ್ರು. ಎರಡೂ ಮೋಸಹೋಗಿದ್ದೇ ತಾನೇ, ಎರಡೂ ಹೊಗಳಿಕೆಯೇ ತಾನೇ? ಹಂಗಿದ್ರೆ ಒಂದು ಕೇಳಿದ್ರೆ ಮೈ ಜುಮ್ಮನ್ನುತ್ತೆ, ಇನ್ನೊಂದು ಕೇಳಿದ್ರೆ ಮೈ ಉರಿಯುತ್ತೆ, ಯಾಕೆ?

ಉತ್ತರದ ಹತ್ತಿರ ಬಂದಾಗಲೆಲ್ಲ ಒಂದು ಸಣ್ಣ ಮುಜುಗರ ಅಡ್ಡ ಬರುತ್ತೆ. ಆ ಅಜ್ಜಿ ಹತ್ರ ಸ್ಟೆನ್ಸಿಲ್ ಇರಲಿಲ್ಲ. ನನ್ನ ಹತ್ರ ಇದೆ. ನನ್ನ ಹೂವಿನ ಐದು ದಳಗಳ ಆಕಾರ ಯಾವುದೋ ಮಷೀನು ಪ್ಲಾಸ್ಟಿಕ್ ಹಾಳೇಲಿ ಕೊರೆದಿದ್ದು, ಅದೇ ಐದು ದಳ ಇನ್ನೆಷ್ಟು ಜನರ "ಕೈಯಾರೆ ಮಾಡಿದ" ಕಾರ್ಡಿನ ಮೇಲಿದೆಯೋ. ಹಂಗೆ ನೋಡಿದ್ರೆ ಚಿಕ್ಕಮ್ಮ ಅರ್ಧ ಸರಿ. ಇದನ್ನ ಅವರ ಮುಂದೆ ನಾನು ಯಾವತ್ತೂ ಒಪ್ಪಲ್ಲ.

ಈ ಮುಜುಗರ ಕಳೆಯೋಕೇ ಒಂದು ಸಲ ಸ್ಟೆನ್ಸಿಲ್ ನಾನೇ ಕೊರೀತೀನಿ ಅಂತ ಹೊರಟೆ, ಅದೂ ಕನ್ನಡ ಅಕ್ಷರದ್ದು. ಅಂಗಡೀಲಿ ಸಿಗೋದೆಲ್ಲ ಇಂಗ್ಲಿಷಿನದ್ದೇ. ಹೆಸರು ಬರೆದುಕೊಂಡು ಬ್ಲೇಡಲ್ಲಿ ಗೆರೆ ಹಿಡಿದು ಕೊರೆದೆ, ಎತ್ತಿದೆ, ರ ಅಕ್ಷರದ ಹೊಟ್ಟೆ ಪಟಕ್ ಅಂತ ಕಳಚಿ ಕೆಳಗೆ ಬಿತ್ತು. ಸುತ್ತ ಕೊರೆದ ಮೇಲೆ ನಡುವಿನ ತುಂಡನ್ನ ಹಿಡ್ಕೊಳ್ಳೋರು ಯಾರು? ಅದಕ್ಕೇ ಸ್ಟೆನ್ಸಿಲ್ಲಲ್ಲಿ ಅಲ್ಲಲ್ಲಿ ಸಣ್ಣ ಸೇತುವೆ ಬಿಡಬೇಕು, ಹೂವಿನ ದಳಗಳ ನಡುವೆ ಬಿಳಿ ಸಂದು ಇರೋದೂ ಅದಕ್ಕೇ, ಅದು ಕಲೆ ಅಲ್ಲ, ಕಟ್ಟಡದ ಕೆಲಸ. ಬಟ್ಟೆಗೆ ಬಣ್ಣ ಹಾಕೋ ಜಪಾನಿನವರು ಪರ್ಸಿಮನ್ ಹಣ್ಣಿನ ರಸ ಕುಡಿಸಿ ಗಟ್ಟಿ ಮಾಡಿದ ಕಾಗದದಲ್ಲಿ ಸ್ಟೆನ್ಸಿಲ್ ಕೊರೆದು, ಸೇತುವೆ ಕಾಣಬಾರದು ಅಂತ ಕೂದಲಿನಷ್ಟು ಸಣ್ಣ ರೇಷ್ಮೆ ಎಳೆಯಿಂದ ಒಳಗಿನ ತುಂಡುಗಳನ್ನ ಹಿಡಿದು ನಿಲ್ಲಿಸ್ತಿದ್ರು. ಇಂಗ್ಲಿಷಿನವರಿಗೆ ಒಂದು ಓ, ಒಂದು ಎ, ಹೀಗೆ ಬೆರಳೆಣಿಕೆ ಹೊಟ್ಟೆಗಳು. ನಮ್ಮದು ಎಲ್ಲಾ ದುಂಡು ದುಂಡು. ಸೊನ್ನೆ ಬಂತು, ಹೊಟ್ಟೆ ಬಿತ್ತು. ಠ ಅಂತೂ ಕೇಳಲೇಬೇಡಿ, ಹೊಟ್ಟೆ ಒಳಗೆ ಮತ್ತೊಂದು ಚುಕ್ಕೆ. ನಂಗೆ ಗೊತ್ತಿರೋರಲ್ಲಿ ಹೆಸರಲ್ಲಿ ಠ ಇರೋರಿಗೆ ಕಾರ್ಡು ಮಾಡೋದನ್ನ ಅವತ್ತೇ ನಿಲ್ಲಿಸಿದೆ.

ಮೂರನೇ ಸಂಜೆ ಏನಾಯ್ತು ಅಂತ ಹೇಳಲೇ ಇಲ್ಲ. ಮೂರನೇ ಸಂಜೆ ಎಲ್ಲಾ ಸರಿ ಹೋಯ್ತು. 300 ಜಿಎಸ್ಎಂ, ಅಂದ್ರೆ ಚದರ ಮೀಟರಿಗೆ 300 ಗ್ರಾಂ ತೂಗೋ ದಪ್ಪ ಕಾಗದ, ಅದನ್ನೂ ಹಲಗೆಗೆ ಟೇಪ್ ಹಾಕಿ ಬಿಗಿದಿದ್ದೆ, ನೀರು ಕುಡಿದ್ರೂ ಹೆಚ್ಚು ಅಲೆ ಏಳಲಿಲ್ಲ. ಒಂದು ಎಲೆ ಮಾತ್ರ ಅರ್ಧ ಒಣಗಿದ್ದಾಗ ತಡ್ಕೊಳ್ಳೋಕೆ ಆಗದೆ ಇನ್ನೊಂದು ತೊಟ್ಟು ನೀರು ಬಿಟ್ಟೆ, ಬಣ್ಣ ಹಿಂದಕ್ಕೆ ಸರಿದು ಹೂಕೋಸಿನ ಅಂಚಿನಂಗೆ ಒಂದು ಗುರುತು ಬಿತ್ತು. ಮೊದಲು ಅಳು ಬಂತು. ಆಮೇಲೆ ನೋಡ್ತಾ ನೋಡ್ತಾ ಅದೇ ಇಷ್ಟ ಆಯ್ತು, ಬಿಸಿಲಿಗೆ ಎಲೆಯ ಒಂದು ಮೂಲೆ ಮಾಸಿದಂಗಿತ್ತು, ಇಡೀ ಕಾರ್ಡಲ್ಲಿ ಸ್ಟೆನ್ಸಿಲ್ಲಿಗೂ ನಂಗೂ ಇಬ್ಬರಿಗೂ ಸಂಬಂಧ ಇಲ್ಲದೆ ತಾನಾಗೇ ಆಗಿದ್ದು ಅದೊಂದೇ. ಅದನ್ನ ಚಿಕ್ಕಮ್ಮ ನೋಡ್ತಾರೆ ಅಂದುಕೊಂಡಿದ್ದೆ. ಅವರು ಬೆನ್ನು ನೋಡಿದ್ರು.

ಹೋದ ವಾರ ಹೋದಾಗ ಕಾರ್ಡು ಟೀಪಾಯ್ ಮೇಲೆ ಇರಲಿಲ್ಲ. ಕಿಟಕಿ ಕಟ್ಟೆ ಮೇಲೆ ನೆಟ್ಟಗೆ ನಿಲ್ಲಿಸಿದ್ರು, ಬಂದೋರಿಗೆಲ್ಲ ಕಾಣಲಿ ಅಂತ. ಖುಷಿಪಡಬೇಕು, ಆದ್ರೆ ಅಲ್ಲಿ ಮಧ್ಯಾಹ್ನ ಪೂರ್ತಿ ಬಿಸಿಲು, ಡೈ ಇಂಕಿನ ಗುಲಾಬಿ ಬಣ್ಣ ಬಿಸಿಲಲ್ಲಿ ಎಷ್ಟು ದಿನ ಬಾಳುತ್ತೆ? ವ್ಯಾನ್ ಗೋ 1890ರಲ್ಲಿ ಬಿಡಿಸಿದ ಗುಲಾಬಿ ಬಣ್ಣದ ಗುಲಾಬಿಗಳೇ ಬಣ್ಣ ಹಾರಿ ಈಗ ಹೆಚ್ಚುಕಮ್ಮಿ ಬಿಳಿ ಗುಲಾಬಿ ಆಗಿ ಕೂತಿವೆ, ಅವನ ಎಣ್ಣೆಬಣ್ಣದ ಗತಿಯೇ ಅದಾದ್ರೆ ನನ್ನ ಇಂಕ್ ಪ್ಯಾಡಿನದ್ದೇನು. "ಅಲ್ಲಿಂದ ತೆಗೀರಿ ಚಿಕ್ಕಮ್ಮ, ಬಣ್ಣ ಹೋಗುತ್ತೆ" ಅಂದೆ. "ಅಯ್ಯೋ ಪ್ರಿಂಟು ಅಷ್ಟು ಬೇಗ ಹೋಗುತ್ತಾ, ಒಳ್ಳೇ ಕಂಪನಿದು ಕಾಣುತ್ತೆ" ಅಂದ್ರು.

ಆ ದೊಡ್ಡ ವಿಷಯ ಹೇಳ್ತೀನಿ ಅಂದಿದ್ದೆ, ಅದು ಇನ್ನೊಂದು ಸಲಕ್ಕಿರಲಿ, ಈಗ ಕೈ ತುಂಬಾ ಕೆಲಸ ಇದೆ. ಚಿಕ್ಕಪ್ಪನ ಹುಟ್ಟುಹಬ್ಬ ಬರ್ತಿದೆ. ಅದೇ ಹೂವು, ಈ ಸಲ ಹಳದಿ. ಹೂವು ಪರವಾಗಿಲ್ಲ, ಒಂದು ದಳ ಚೂರು ಜಾರಿದೆ. ನಿನ್ನೆ ರಾತ್ರಿ ಸ್ಕೇಲು ಇಟ್ಟುಕೊಂಡು ಕಾರ್ಡಿನ ಬೆನ್ನಲ್ಲಿ, ಕೆಳಗಡೆ ಬಲಕ್ಕೆ, ಸರಿಯಾಗಿ ಒಂದು ಬಾರ್‌ಕೋಡ್ ಎಳೆದೆ, ದಪ್ಪ ಗೆರೆ ಸಣ್ಣ ಗೆರೆ, ಕೆಳಗೆ ಪುಟ್ಟ ಅಂಕಿಗಳು. ಒಂದೂ ವಕ್ರ ಆಗಿಲ್ಲ. ಪಿಗ್ಮೆಂಟ್ ಇಂಕಿನ ಪೆನ್ನು, ಅದೂ ಅಪ್ಪಟ ಕಪ್ಪು. ಮುಂದುಗಡೆ ಹಳದಿ ಹೋದ ಮೇಲೂ ಅದಿರುತ್ತೆ.