ಎನೆಸ್ ಕಾಂಟರ್ ಆಡದ ಆ ಸೀಸನ್

ಅಮೆರಿಕದ ಕಾಲೇಜ್ ಬಾಸ್ಕೆಟ್‌ಬಾಲ್‌ನಲ್ಲಿ ಯಾವುದಾದ್ರೂ ದೊಡ್ಡ ರೆಕ್ರೂಟ್‌ನ (ಕೋಚ್ ಹುಡುಕಿ ಟೀಮಿಗೆ ಕರ್ಕೊಂಡ್ ಬಂದ ಹೊಸ ಹುಡುಗನ್ನ) ಇನ್‌ಎಲಿಜಿಬಲ್, ಅಂದ್ರೆ ಆಡೋ ಅರ್ಹತೆ ಇಲ್ಲ, ಅಂತ ಹೇಳಿದ ತಕ್ಷಣ ಎಲ್ಲರೂ ಶುರು ಮಾಡೋದು ಒಂದೇ ಲೆಕ್ಕ, ಅವನಿದ್ದಿದ್ರೆ ಮ್ಯಾಚಿಗೆ ಎಷ್ಟು ಪಾಯಿಂಟ್ ಬರ್ತಿತ್ತು, ಎಷ್ಟು ರಿಬೌಂಡ್ (ಗುರಿ ತಪ್ಪಿ ವಾಪಸ್ ಬಂದ ಬಾಲ್ ಹಿಡಿಯೋದು) ಬರ್ತಿತ್ತು ಅಂತ. ನನಗೆ ಈ ಲೆಕ್ಕದ ಮೇಲೆ ನಂಬಿಕೆನೇ ಇಲ್ಲ. ಆಡದೇ ಇರೋನ ಪಾಯಿಂಟ್ ಯಾರು ಎಣಿಸೋಕಾಗತ್ತೆ? ಟೀಮಿಗೆ ನಿಜವಾಗಿ ಏಟು ಬೀಳೋದು ಬೇರೆ ಕಡೆ. ಅವನು ಆಡ್ತಾನೋ ಇಲ್ವೋ ಅಂತ ಗೊತ್ತಾಗದೆ ಕಾಯೋ ತಿಂಗಳುಗಳಲ್ಲಿ, ಆಮೇಲೆ ಉಳಿದ ಐದಾರು ಹುಡುಗರ ಕಾಲು ಸೋಲೋದ್ರಲ್ಲಿ. ಇದನ್ನ 2010-11ರ ಕೆಂಟಕಿ ಯೂನಿವರ್ಸಿಟಿ ಟೀಮ್ ಇಟ್ಕೊಂಡು ಹೇಳ್ತೀನಿ. ನಾನು ಕೆಂಟಕಿ ಕಡೆಯವನೇ, ಅದನ್ನ ಮೊದಲೇ ಹೇಳಿಬಿಡ್ತೀನಿ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಅಲ್ಲಿ ಕೋಚ್‌ಗಳು ಹೈಸ್ಕೂಲ್ ಹುಡುಗರ ಹಿಂದೆ ವರ್ಷಗಟ್ಟಲೆ ಬಿದ್ದು ಮನೆಗೆ ಹೋಗಿ ಮಾತಾಡಿ ಸ್ಕಾಲರ್‌ಶಿಪ್ ಕೊಟ್ಟು ಕರ್ಕೊಂಡ್ ಬರ್ತಾರೆ. ಆಗ ಒಂದು ಟೀಮಿಗೆ ಇದ್ದದ್ದು 13 ಸ್ಕಾಲರ್‌ಶಿಪ್ ಅಷ್ಟೇ. ಆ ಹುಡುಗ ಕಾಲೇಜಲ್ಲಿ ಆಡಬಹುದಾ ಬೇಡ್ವಾ ಅಂತ ತೀರ್ಮಾನ ಮಾಡೋದು ಎನ್‌ಸಿಎಎ, ಅಲ್ಲಿನ ಕಾಲೇಜ್ ಆಟಗಳನ್ನ ನಡೆಸೋ ಸಂಸ್ಥೆ. ಆ ಕಾಲದಲ್ಲಿ ಆಟಕ್ಕೆ ಅಂತ ದುಡ್ಡು ಮುಟ್ಟಿದ್ದಾನೆ ಅಂತ ಗೊತ್ತಾದ್ರೆ ಮುಗೀತು, ಅಮೆಚೂರ್ ಅಲ್ಲ, ಹೊರಗೆ.

2010ರ ಬೇಸಿಗೆಯಲ್ಲಿ ಕೆಂಟಕಿ ಟೀಮ್ ಪೂರ್ತಿ ಖಾಲಿಯಾಗಿತ್ತು. ಜಾನ್ ವಾಲ್, ಡಿಮಾರ್ಕಸ್ ಕಸಿನ್ಸ್, ಪ್ಯಾಟ್ರಿಕ್ ಪ್ಯಾಟರ್ಸನ್, ಎರಿಕ್ ಬ್ಲೆಡ್ಸೋ, ಡೇನಿಯಲ್ ಆರ್ಟನ್, ಐದೂ ಜನ ಒಂದೇ ಎನ್‌ಬಿಎ ಡ್ರಾಫ್ಟ್‌ನ (ಪ್ರೊಫೆಷನಲ್ ಲೀಗ್ ಟೀಮುಗಳು ಸರದಿ ಪ್ರಕಾರ ಹೊಸ ಆಟಗಾರರನ್ನ ಆರಿಸ್ಕೊಳ್ಳೋದು) ಮೊದಲ ರೌಂಡ್‌ನಲ್ಲಿ ಹೋಗಿಬಿಟ್ರು. ಇದ್ರಲ್ಲಿ ಮೂವರು ಒಳಗಡೆ ಆಡೋ ದೊಡ್ಡ ಆಳುಗಳು. ಆ ಜಾಗ ತುಂಬೋಕೆ ಅಂತ ಕೋಚ್ ಜಾನ್ ಕ್ಯಾಲಿಪಾರಿ ಕರ್ಕೊಂಡ್ ಬಂದಿದ್ದು ಎನೆಸ್ ಕಾಂಟರ್‌ನ. ಟರ್ಕಿ ಹುಡುಗ, 18 ವರ್ಷ, ಆರಡಿ ಹನ್ನೊಂದು ಇಂಚು. ಅದೇ ಏಪ್ರಿಲ್‌ನಲ್ಲಿ ಪೋರ್ಟ್‌ಲ್ಯಾಂಡ್‌ನಲ್ಲಿ ನಡೆದ ನೈಕಿ ಹೂಪ್ ಸಮಿಟ್ ಅನ್ನೋ ಯುವ ಆಟಗಾರರ ಮ್ಯಾಚಲ್ಲಿ 34 ಪಾಯಿಂಟ್ ಹೊಡೆದು ಜರ್ಮನಿಯ ಸ್ಟಾರ್ ಡರ್ಕ್ ನೊವಿಟ್ಸ್ಕಿ ರೆಕಾರ್ಡ್ ಮುರಿದಿದ್ದ. ಇಂಥವನು ಬರ್ತಾನೆ ಅಂದ್ಮೇಲೆ ಕೆಂಟಕಿ ಯೂನಿವರ್ಸಿಟಿ ಇರೋ ಲೆಕ್ಸಿಂಗ್ಟನ್‌ನಲ್ಲಿ ಯಾವ ಮಟ್ಟದ ಆಸೆ ಹುಟ್ಟಿತ್ತು ಅಂತ ನೀವೇ ಊಹಿಸ್ಕೊಳ್ಳಿ. ಆ ಊರಲ್ಲಿ ಬಾಸ್ಕೆಟ್‌ಬಾಲ್ ಅಂದ್ರೆ ಬರೀ ಆಟ ಅಲ್ಲ.

ತೊಂದರೆ ಏನಂದ್ರೆ ಕಾಂಟರ್ ಟರ್ಕಿಯಲ್ಲಿ ಫೆನರ್‌ಬಾಚೆ ಕ್ಲಬ್‌ನಲ್ಲಿ ಬೆಳೆದವನು, ಹದಿನಾಲ್ಕು ಹದಿನೈದನೇ ವಯಸ್ಸಿಂದ ಅಲ್ಲೇ. ಯುರೋಪಲ್ಲಿ ಹುಡುಗರು ಬೆಳೆಯೋದೇ ಹಂಗೆ, ಅಲ್ಲಿ ಸ್ಕೂಲ್ ಟೀಮ್ ಅಂತ ದೊಡ್ಡದಾಗಿ ಏನಿಲ್ಲ, ಎಲ್ಲಾ ಕ್ಲಬ್ಬೇ. ಸೆಪ್ಟೆಂಬರ್‌ನಲ್ಲಿ ಆ ಕ್ಲಬ್‌ನ ಮ್ಯಾನೇಜರೇ ನ್ಯೂಯಾರ್ಕ್ ಟೈಮ್ಸ್‌ಗೆ ಹೇಳಿದ್ರು, ಮೂರು ವರ್ಷದಲ್ಲಿ ಇವನಿಗೆ ದುಡ್ಡು, ಸೌಲಭ್ಯ ಎಲ್ಲಾ ಸೇರಿ ಒಂದು ಲಕ್ಷ ಡಾಲರ್‌ಗಿಂತ ಜಾಸ್ತಿ ಕೊಟ್ಟಿದ್ದೀವಿ ಅಂತ. ಎನ್‌ಸಿಎಎ ಅದೇ ವರ್ಷ ರೂಲ್ ಸ್ವಲ್ಪ ಸಡಿಲ ಮಾಡಿತ್ತು, ಪ್ರೊಫೆಷನಲ್ ಟೀಮಲ್ಲಿ ಆಡಿದ್ರೂ ಪರವಾಗಿಲ್ಲ ಆದ್ರೆ ಅಗತ್ಯ ಖರ್ಚಿಗಿಂತ ಜಾಸ್ತಿ ತಗೊಂಡಿರಬಾರದು ಅಂತ. ಎಲ್ಲಾ ಕೂಡಿಸಿ ಕಳೆದು ಕೊನೆಗೆ 33,033 ಡಾಲರ್ ಜಾಸ್ತಿ ಆಗಿದೆ ಅಂದ್ರು. ಪರ್ಮನೆಂಟ್ ಇನ್‌ಎಲಿಜಿಬಲ್.

ಈಗ ತಾರೀಖು ನೋಡಿ, ನನಗೆ ಇವತ್ತಿಗೂ ಹೊಟ್ಟೆ ಉರಿಯೋದು ಇದಕ್ಕೇ. ಆ ತೀರ್ಪು ಬಂದಿದ್ದು 2010 ನವೆಂಬರ್ 11. ಕೆಂಟಕಿಯ ಮೊದಲ ಮ್ಯಾಚ್ ಇದ್ದಿದ್ದು ನವೆಂಬರ್ 12. ಸರಿ, ಯೂನಿವರ್ಸಿಟಿಯವರು ಇನ್ನೊಂದ್ಸಲ ಪರಿಶೀಲನೆ ಮಾಡಿ ಅಂತ ಕೇಳ್ಕೊಂಡ್ರು, ಮತ್ತೆ ಕಾಯೋದು. "ಫ್ರೀ ಎನೆಸ್" ಅಂತ ಟೀ-ಶರ್ಟ್ ಹಾಕ್ಕೊಂಡು ಜನ ಅರೀನಾಗೆ ಬರ್ತಿದ್ರು. ಕೊನೇ ತೀರ್ಪು, ಇಲ್ಲ ಅಂತ, ಬಂದಿದ್ದು 2011 ಜನವರಿ 7. ಮಾರನೇ ದಿನ ಜಾರ್ಜಿಯಾದಲ್ಲಿ ಎಸ್‌ಇಸಿ (ಕೆಂಟಕಿ ಆಡೋ ಕಾಲೇಜ್ ಟೀಮುಗಳ ಗುಂಪು) ಸೀಸನ್‌ನ ಮೊದಲ ಮ್ಯಾಚ್. 77-70ಕ್ಕೆ ಸೋತ್ರು. ಎರಡು ಸಲನೂ ಮ್ಯಾಚಿನ ಹಿಂದಿನ ದಿನ! ಅವನನ್ನ ಇಟ್ಕೊಂಡು ಪ್ಲ್ಯಾನ್ ಮಾಡ್ಬೇಕಾ, ಬಿಟ್ಟು ಮಾಡ್ಬೇಕಾ ಅಂತ ಅರ್ಧ ಸೀಸನ್ ಗೊತ್ತಿಲ್ಲದೆ ಇದ್ರೆ ಕೋಚ್ ಆದವನು ಏನ್ ಮಾಡ್ಬೇಕು? ಅಷ್ಟು ಹೊತ್ತಿಗೆ ಇನ್ನೊಬ್ಬ ಒಳ್ಳೆ ಸೆಂಟರ್ (ಬಾಸ್ಕೆಟ್ ಹತ್ತಿರ ಆಡೋ ದೊಡ್ಡ ಆಳು) ಹುಡುಕೋಣ ಅಂದ್ರೆ ಎಲ್ಲಾ ಹುಡುಗರೂ ಬೇರೆ ಬೇರೆ ಕಾಲೇಜ್ ಸೇರಿ ಕ್ಲಾಸಿಗೆ ಹೋಗ್ತಿದ್ದಾರೆ.

ಇದೇ ವರ್ಷದ ಇನ್ನೊಂದು ಕೇಸ್ ಪಕ್ಕದಲ್ಲಿಟ್ಟು ನೋಡಿದ್ರೆ ವ್ಯತ್ಯಾಸ ತಾನಾಗೇ ಕಾಣ್ಸತ್ತೆ. ಕ್ಯಾನ್ಸಸ್‌ನ ಜಾಶ್ ಸೆಲ್ಬಿ. ಅವನೂ ದೊಡ್ಡ ರೆಕ್ರೂಟ್, ಅವನ ಮೇಲೂ ತನಿಖೆ ಆಯ್ತು, ಆದ್ರೆ ಅವನಿಗೆ ಬಂದ ಶಿಕ್ಷೆ ಒಂಬತ್ತು ಮ್ಯಾಚ್ ಸಸ್ಪೆನ್ಷನ್, ಜೊತೆಗೆ ಸುಮಾರು 5,757 ಡಾಲರ್ ವಾಪಸ್ ಕಟ್ಟಬೇಕು. ಕೋಚ್ ಬಿಲ್ ಸೆಲ್ಫ್‌ಗೆ ಒಂದು ತಾರೀಖು ಸಿಕ್ತು, ಡಿಸೆಂಬರ್ 18ಕ್ಕೆ ಹುಡುಗ ಬರ್ತಾನೆ. ಅಲ್ಲೀವರೆಗೆ ಬೇರೆಯವರು ಎಳೀರಿ, ಅವನು ಪ್ರಾಕ್ಟೀಸಲ್ಲಿ ರೆಡಿ ಆಗಲಿ. ಅವತ್ತು ಸದರ್ನ್ ಕ್ಯಾಲಿಫೋರ್ನಿಯಾ ಮೇಲೆ ಬಂದವನೇ 26 ಪಾಯಿಂಟ್ ಹೊಡೆದ, 70-68ಕ್ಕೆ ಗೆಲ್ಲಿಸಿದ ಕೊನೇ ತ್ರೀ ಪಾಯಿಂಟರೂ ಅವನದೇ. ಶಿಕ್ಷೆ ಇರೋದು ತಪ್ಪು ಅಂತ ನಾನು ಹೇಳ್ತಿಲ್ಲ. ಎಷ್ಟು ದಿನ ಅಂತ ಗೊತ್ತಿದ್ರೆ ಟೀಮ್ ಬದುಕ್ಕೊಳತ್ತೆ, ಗೊತ್ತಿಲ್ಲದೇ ಇದ್ರೆ ಒಳಗೊಳಗೇ ಸವೆಯತ್ತೆ.

ಇನ್ನು ಜಾಶ್ ಹ್ಯಾರೆಲ್ಸನ್ ವಿಷಯ. ಕೆಂಟಕಿ ಫ್ಯಾನ್‌ಗಳು ಈ ಹೆಸರು ಬರೋಕೇ ಕಾಯ್ತಿರ್ತಾರೆ, ನಂಗೊತ್ತು. ಹಿಂದಿನ ವರ್ಷ ಕಸಿನ್ಸ್, ಪ್ಯಾಟರ್ಸನ್ ಹಿಂದೆ ಬೆಂಚ್ ಮೇಲೆ ಕೂತು ಸರಾಸರಿ 1.3 ಪಾಯಿಂಟ್ ಹೊಡೆದಿದ್ದ ಸೀನಿಯರ್ ಹುಡುಗ. ಅಕ್ಟೋಬರ್‌ನಲ್ಲಿ ಟೀಮಿನೊಳಗಿನ ಬ್ಲೂ-ವೈಟ್ ಮ್ಯಾಚಲ್ಲಿ 26 ರಿಬೌಂಡ್ ತೆಗೆದ, ಆದ್ರೂ ಕೋಚ್ ಒಂದು ಒಳ್ಳೆ ಮಾತು ಆಡಲಿಲ್ಲ ಅಂತ ಬೇಜಾರಾಗಿ ಟ್ವಿಟರ್‌ನಲ್ಲಿ ಬರ್ಕೊಂಡ. ಕ್ಯಾಲಿಪಾರಿ ಟ್ವಿಟರ್ ಮುಚ್ಚಿಸಿ ದಿನಾ ಎಕ್ಸ್‌ಟ್ರಾ ಓಡೋ ಶಿಕ್ಷೆ ಹಾಕಿದ್ರು. ಆ ಓಟದಿಂದ ಮೈ ಇಳೀತು, ದಮ್ಮು ಬಂತು. ಕಾಂಟರ್ ಇಲ್ಲ ಅಂತಾದ್ಮೇಲೆ ಸೆಂಟರ್ ಜಾಗಕ್ಕೆ ಬೇರೆ ಗತಿ ಇರ್ಲಿಲ್ಲ, ಇವನೇ ನಿಂತ. ಡಿಸೆಂಬರ್ 31ಕ್ಕೆ ಬದ್ಧ ವೈರಿ ಲೂಯಿವಿಲ್ ಊರಿಗೇ ಹೋಗಿ 23 ಪಾಯಿಂಟ್, 14 ರಿಬೌಂಡ್. ಸೀಸನ್ ಮುಗಿಯೋ ಹೊತ್ತಿಗೆ ಸರಾಸರಿ 7.6 ಪಾಯಿಂಟ್, 8.7 ರಿಬೌಂಡ್.

ಇದರ ಹಿಂದೆ ಇನ್ನೊಂದು ಸಂಗತಿ ಇದೆ, ಅದನ್ನ ಎಷ್ಟೋ ಜನ ಮರೀತಾರೆ. ಕಾಂಟರ್ ಮನೆಗೆ ಹೋಗಲಿಲ್ಲ. ಕೊನೇ ತೀರ್ಪು ಬಂದ್ಮೇಲೆ ಕ್ಯಾಲಿಪಾರಿ ಅವನನ್ನ ಸ್ಟೂಡೆಂಟ್ ಅಸಿಸ್ಟೆಂಟ್ ಕೋಚ್ ಅಂತ ಮಾಡ್ಕೊಂಡ್ರು. ಹಾಗಾಗಿ ಅವನು ಪ್ರಾಕ್ಟೀಸಲ್ಲಿ ಇರ್ತಿದ್ದ, ದಿನಾ ಹ್ಯಾರೆಲ್ಸನ್ ಮೈಮೇಲೆ ಬಿದ್ದು ಆಡ್ತಿದ್ದ. ಎನ್‌ಬಿಎಗೆ ಮೂರನೇ ನಂಬರಲ್ಲಿ ಹೋಗೋ ತಾಕತ್ತಿನ ಹುಡುಗ ದಿನಾ ಮಧ್ಯಾಹ್ನ ನಿಮ್ಮ ಪಕ್ಕೆಗೆ ಮೊಣಕೈ ಕೊಟ್ಟು ತಳ್ತಿದ್ರೆ ಶನಿವಾರ ಬರೋ ಎದುರಾಳಿ ಸೆಂಟರ್ ಯಾವ ಲೆಕ್ಕ! ಆಡೋಕೆ ಬಿಡದೇ ಇದ್ರೂ ಆ ಹುಡುಗ ಮುನಿಸ್ಕೊಂಡು ಟರ್ಕಿಗೋ ಯಾವುದೋ ಕ್ಲಬ್ಬಿಗೋ ಹೋಗದೆ ಟೀಮಿನ ಜೊತೆ ಬೆವರು ಸುರಿಸಿದ, ಅದಕ್ಕೆ ಅವನ ಬಗ್ಗೆ ನನಗೆ ತುಂಬಾ ಗೌರವ ಇದೆ.

ಇಷ್ಟು ಕೇಳಿದ್ಮೇಲೆ ಸಾಮಾನ್ಯವಾಗಿ ಬರೋ ಮಾತು, ನೋಡಿ ಆಗಿದ್ದೆಲ್ಲಾ ಒಳ್ಳೇದೇ ಆಯ್ತು, ಕಾಂಟರ್ ಇದ್ದಿದ್ರೆ ಹ್ಯಾರೆಲ್ಸನ್ ಹುಟ್ತಾನೇ ಇರ್ಲಿಲ್ಲ, ಟೀಮ್ ಫೈನಲ್ ಫೋರ್‌ವರೆಗೂ, ಅಂದ್ರೆ ದೇಶದ ಕೊನೇ ನಾಲ್ಕು ಟೀಮುಗಳವರೆಗೂ, ಹೋಯ್ತಲ್ಲ ಅಂತ. ನಾನು ಇದನ್ನ ಒಪ್ಪಲ್ಲ. ಹ್ಯಾರೆಲ್ಸನ್ ಬೆಳೆದಿದ್ದು ಅವನ ಶ್ರಮ, ಆ ಶ್ರಮವನ್ನ ಎನ್‌ಸಿಎಎ ತೀರ್ಪಿನ ಖಾತೆಗೆ ಜಮಾ ಮಾಡ್ಬೇಡಿ. ಒಬ್ಬ ಸಿಕ್ಕಿದ ಅಂತ ಇನ್ನೊಬ್ಬನ ನಷ್ಟ ಮಾಯ ಆಗಲ್ಲ. ಟೀಮಿಗೆ ಬೇಕಿದ್ದಿದ್ದು ಇಬ್ಬರೂ.

ಯಾಕೆ ಅಂದ್ರೆ ಆ ಟೀಮ್ ಪೂರ್ತಿ ಸೀಸನ್ ಆರೇ ಜನರ ಮೇಲೆ ನಿಂತಿತ್ತು. ಬ್ರ್ಯಾಂಡನ್ ನೈಟ್, ಡೋರಾನ್ ಲ್ಯಾಂಬ್, ಡಿಆಂಡ್ರೆ ಲಿಗಿನ್ಸ್, ಡೇರಿಯಸ್ ಮಿಲ್ಲರ್, ಟೆರೆನ್ಸ್ ಜೋನ್ಸ್, ಹ್ಯಾರೆಲ್ಸನ್. ಬೆಂಚಲ್ಲಿ ಎಲೋಯ್ ವಾರ್ಗಾಸ್ ಇದ್ದ, ಆದ್ರೆ ಅವನಿಗೆ ಸಿಕ್ತಿದ್ದ ನಿಮಿಷ ಕಮ್ಮಿ. ಕಾಲೇಜ್ ಮ್ಯಾಚ್ ಅಂದ್ರೆ 40 ನಿಮಿಷ, ಐದು ಫೌಲ್ ಆದ್ರೆ ಹೊರಗೆ. ದೊಡ್ಡ ಆಳು ಇಬ್ಬರೇ ಅಂದ್ಮೇಲೆ ಎರಡನೇ ಫೌಲ್ ಬಿದ್ದ ಕೂಡ್ಲೇ ಕೋಚ್ ಮುಖ ಬದಲಾಗತ್ತೆ, ಹುಡುಗ ಹೆದರ್ಕೊಂಡು ಕೈ ಹಿಂದೆ ಇಟ್ಕೊಂಡು ಡಿಫೆನ್ಸ್ ಆಡ್ತಾನೆ, ಎದುರಿನವನು ಆರಾಮಾಗಿ ಬಾಸ್ಕೆಟ್ ಹಾಕ್ತಾನೆ. ಡಿಸೆಂಬರ್‌ನಲ್ಲಿ ಚಾಪೆಲ್ ಹಿಲ್‌ನಲ್ಲಿ ನಾರ್ತ್ ಕ್ಯಾರೊಲಿನಾದ ಟೈಲರ್ ಝೆಲ್ಲರ್ 27 ಪಾಯಿಂಟ್ ಹೊಡೆದ, ಏಳಡಿ ಆಳು, ಮ್ಯಾಚ್ ಸೋತಿದ್ದು ಎರಡೇ ಪಾಯಿಂಟಲ್ಲಿ, 75-73.

ಎಸ್‌ಇಸಿಯಲ್ಲಿ ಹೊರ ಊರಿನ ಮ್ಯಾಚ್ ಎಂಟರಲ್ಲಿ ಆರು ಸೋತ್ರು. ಜಾರ್ಜಿಯಾದ್ದು ಏಳು ಪಾಯಿಂಟ್, ಆಮೇಲೆ ಅಲಬಾಮದಲ್ಲಿ ಎರಡು, ಓಲ್ ಮಿಸ್‌ನಲ್ಲಿ ಎರಡು, ಫ್ಲಾರಿಡಾದಲ್ಲಿ ಎರಡು, ವ್ಯಾಂಡರ್‌ಬಿಲ್ಟ್‌ನಲ್ಲಿ ನಾಲ್ಕು, ಅರ್ಕಾನ್ಸಾದಲ್ಲಿ ಓವರ್‌ಟೈಮ್ ಹೋಗಿ ಒಂದು. ಕಾಂಟರ್ ಇದ್ದಿದ್ರೆ ಇದ್ರಲ್ಲಿ ಇಂತಿಷ್ಟು ಗೆಲ್ತಿದ್ರು ಅಂತ ನಾನು ಹೇಳಲ್ಲ, ಶುರುವಲ್ಲೇ ಹೇಳಿದ್ನಲ್ಲ, ಆ ಲೆಕ್ಕ ಬೇಡ. ಆದ್ರೆ ಕೊನೇ ನಾಲ್ಕೈದು ನಿಮಿಷದಲ್ಲಿ ಕೈ ಜಾರೋ ಮ್ಯಾಚುಗಳು ಇವು, ಆ ಹೊತ್ತಲ್ಲಿ ಕಾಲಲ್ಲಿ ಇನ್ನೂ ಶಕ್ತಿ ಇರೋ ಒಬ್ಬನನ್ನ ಬೆಂಚಿಂದ ಎಬ್ಬಿಸಿ ಕಳಿಸೋಕೆ ಆಗೋದಕ್ಕೂ ಆಗದೇ ಇರೋದಕ್ಕೂ ಎಷ್ಟು ವ್ಯತ್ಯಾಸ ಅಂತ ಒಂದು ದಿನ ಆದ್ರೂ ಆಡಿದವರಿಗೆ ಗೊತ್ತಿರತ್ತೆ.

ಮಾರ್ಚ್‌ನಲ್ಲಿ ಆ ಹುಡುಗರು ಮಾಡಿದ್ದನ್ನ ನೆನೆಸ್ಕೊಂಡ್ರೆ ಈಗ್ಲೂ ಮೈ ಜುಮ್ ಅನ್ಸತ್ತೆ. ಎಸ್‌ಇಸಿ ಟೂರ್ನಮೆಂಟ್ ಗೆದ್ರು. ಮುಂದೆ ಇಡೀ ದೇಶದ ಎನ್‌ಸಿಎಎ ಟೂರ್ನಮೆಂಟಲ್ಲಿ ಪ್ರಿನ್ಸ್‌ಟನ್ ಮೇಲೆ 59-57, ನೈಟ್ ಇಡೀ ಮ್ಯಾಚಲ್ಲಿ ಹಾಕಿದ ಒಂದೇ ಬಾಸ್ಕೆಟ್ ಕೊನೇದು, ಗೆಲ್ಲಿಸಿದ್ದೂ ಅದೇ. ಆಮೇಲೆ ನ್ಯೂವಾರ್ಕ್‌ನಲ್ಲಿ ಓಹಾಯೋ ಸ್ಟೇಟ್, ಇಡೀ ಟೂರ್ನಮೆಂಟ್‌ಗೇ ನಂಬರ್ ಒನ್ ಟೀಮ್, ಅವರ ಕಡೆ ಜ್ಯಾರೆಡ್ ಸಲಿಂಜರ್. ಬಾಲ್ ಲೈನ್ ದಾಟಿ ಹೊರಗೆ ಹೋಗ್ತಿದೆ, ಹ್ಯಾರೆಲ್ಸನ್ ಗಾಳಿಯಲ್ಲೇ ತಿರುಗಿ ಅದನ್ನ ಸಲಿಂಜರ್ ಎದೆಗೇ ಬಲವಾಗಿ ಎಸೆದ, ಬಾಲ್ ಅವನಿಗೆ ಬಡಿದು ಆಚೆ, ಕೆಂಟಕಿಗೇ ವಾಪಸ್. ಆ ಒಂದು ಎಸೆತ ನೋಡಿದವರು ಯಾರೂ ಮರೆತಿಲ್ಲ. 17 ಪಾಯಿಂಟ್, 10 ರಿಬೌಂಡ್, 62-60. ನಂತರ ಅದೇ ನಾರ್ತ್ ಕ್ಯಾರೊಲಿನಾ ಮೇಲೆ 76-69.

ಏಪ್ರಿಲ್ 2, ಹ್ಯೂಸ್ಟನ್, ಫೈನಲ್ ಫೋರ್, ಎದುರಿಗೆ ಯುಕಾನ್ (ಕನೆಕ್ಟಿಕಟ್ ಯೂನಿವರ್ಸಿಟಿ). 56-55. ಒಂದು ಪಾಯಿಂಟ್! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಫ್ರೀ ಥ್ರೋ 12ರಲ್ಲಿ ಬರೀ 4, ನೈಟ್ 23 ಶಾಟಲ್ಲಿ 6. ಕೆಟ್ಟದಾಗಿ ಆಡಿದ್ರು ಅಂತ ಬರೆದವರಿದ್ದಾರೆ. ನನಗೆ ಕಂಡಿದ್ದು ಸುಸ್ತು. ನಾಲ್ಕು ತಿಂಗಳು ಆರೇ ಜನ ಎಳೆದ ಸುಸ್ತು ಕೊನೆಗೆ ಕೈಗಿಳಿದು ಫ್ರೀ ಥ್ರೋ ರಿಮ್ಮಿಗೆ ಬಡಿಯೋದು. ಎರಡು ದಿನ ಬಿಟ್ಟು ಯುಕಾನ್ ಫೈನಲಲ್ಲಿ ಬಟ್ಲರ್‌ನ 53-41ಕ್ಕೆ ಸೋಲಿಸ್ತು.

ಮತ್ತೆ ನ್ಯಾಯದ ಮಾತು. 2010ರ ಡಿಸೆಂಬರ್ 1ಕ್ಕೆ ಇದೇ ಎನ್‌ಸಿಎಎ, ಆಬರ್ನ್ ಫುಟ್‌ಬಾಲ್ ಟೀಮಿನ ಕ್ಯಾಮ್ ನ್ಯೂಟನ್ ಕೇಸಲ್ಲಿ, ಅವನ ಅಪ್ಪ ದುಡ್ಡು ಕೇಳಿದ್ದು ಅವನಿಗೆ ಗೊತ್ತಿರಲಿಲ್ಲ ಅಂತ ಹೇಳಿ ಆಡೋಕೆ ಬಿಟ್ಟಿತು. ಅದೇ ತಿಂಗಳು ಓಹಾಯೋ ಸ್ಟೇಟ್‌ನ ಐದು ಫುಟ್‌ಬಾಲ್ ಆಟಗಾರರಿಗೆ ಸಸ್ಪೆನ್ಷನ್ ಹಾಕಿ ಶುಗರ್ ಬೌಲ್ ಅನ್ನೋ ದೊಡ್ಡ ಮ್ಯಾಚ್ ಒಂದನ್ನ ಮಾತ್ರ ಆಡಿ ಅಂತ ಬಿಟ್ಟಿತು. ಕಾಂಟರ್ ಕ್ಲಬ್ ಸೇರಿದಾಗ ಇನ್ನೂ ಮೀಸೆ ಚಿಗುರದ ಹುಡುಗ, ದುಡ್ಡಿನ ವ್ಯವಹಾರ ನೋಡಿದ್ದು ಮನೆಯವರು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತಾರಲ್ಲ, ಇಲ್ಲಿ ಆಗಿದ್ದು ಅದೇ, ಬರೆ ಬಿದ್ದಿದ್ದು ಹುಡುಗನಿಗೆ, ಅವನ ಜೊತೆ ಏನೂ ತಪ್ಪು ಮಾಡದ ಇಡೀ ಟೀಮಿಗೆ.

ಈಗ ಕಾಲ ಬದಲಾಗಿದೆ. 2021ರ ಜುಲೈಯಿಂದ ಕಾಲೇಜ್ ಆಟಗಾರರು ಹೆಸರು, ಮುಖದ ಮೇಲೆ ದುಡ್ಡು ಮಾಡಬಹುದು, 2025ರಲ್ಲಿ ಹೌಸ್ ಸೆಟಲ್ಮೆಂಟ್ ಅನ್ನೋ ಕೋರ್ಟ್ ರಾಜಿ ಆದ್ಮೇಲೆ ಯೂನಿವರ್ಸಿಟಿಗಳೇ ವರ್ಷಕ್ಕೆ ಸುಮಾರು 2 ಕೋಟಿ ಡಾಲರ್‌ವರೆಗೂ ಆಟಗಾರರಿಗೆ ಹಂಚಬಹುದು. ರಿಯಲ್ ಮ್ಯಾಡ್ರಿಡ್ ಅಕಾಡೆಮಿಯಿಂದ ಬಂದ ಈಗೋರ್ ಡ್ಯೋಮಿನ್ ಬ್ರಿಗಮ್ ಯಂಗ್ ಯೂನಿವರ್ಸಿಟಿಯಲ್ಲಿ (ಬಿವೈಯು) ಆಡಿದ, ಬಾರ್ಸಿಲೋನಾದಲ್ಲಿ ಆಡಿದ್ದ ಕಾಸ್ಪರಾಸ್ ಯಾಕುಚೋನಿಸ್ ಇಲಿನಾಯ್‌ನಲ್ಲಿ ಆಡಿದ. ಕಾಂಟರ್‌ನ ಆ 33,033 ಡಾಲರ್ ಈಗ ಯಾರೂ ತಿರುಗಿ ನೋಡೋ ಮೊತ್ತವೂ ಅಲ್ಲ. ಹಾಗಂತ ಎಲಿಜಿಬಿಲಿಟಿ ಜಗಳ ಮುಗಿದಿಲ್ಲ, ವಯಸ್ಸು, ಎಷ್ಟು ವರ್ಷ ಆಡಿದ್ದಾನೆ, ಹಿಂದಿನ ಕಾಂಟ್ರಾಕ್ಟ್ ಏನು ಅಂತ ರೂಪ ಬದಲಾಯ್ಸಿದೆ ಅಷ್ಟೇ. ನಾನು ಕೇಳೋದು ಒಂದೇ, ಏನು ತೀರ್ಮಾನ ಮಾಡ್ತೀರೋ ಅದನ್ನ ಕಾಲೇಜ್ ಕ್ಲಾಸ್ ಶುರುವಾಗೋ ಮುಂಚೆ ಮಾಡಿ. ಇಲ್ಲ ಅಂದ್ರೆ ಇಲ್ಲ ಅನ್ನಿ, ಹುಡುಗ ಬೇರೆ ದಾರಿ ನೋಡ್ಕೊಳ್ತಾನೆ, ಕೋಚ್ ಬೇರೆ ಸೆಂಟರ್ ನೋಡ್ಕೊಳ್ತಾನೆ.

2011ರ ಡ್ರಾಫ್ಟಲ್ಲಿ ಕಾಂಟರ್, ಕಾಲೇಜಲ್ಲಿ ಒಂದೇ ಒಂದು ಮ್ಯಾಚ್ ಆಡದೇ, ಮೂರನೇ ನಂಬರಲ್ಲಿ ಯೂಟಾಗೆ ಹೋದ. ಹ್ಯಾರೆಲ್ಸನ್ ನಲವತ್ತೈದನೇ ನಂಬರ್. ಇಬ್ಬರೂ ಒಟ್ಟಿಗೆ ನೀಲಿ ಜರ್ಸಿ ಹಾಕ್ಕೊಂಡು ಒಂದು ಮ್ಯಾಚ್ ಕೂಡ ಆಡಲಿಲ್ಲ. ಆ ಸೀಸನ್ ನೋಡಿದವರು ಇಲ್ಲಿ ಯಾರಾದ್ರೂ ಇದ್ರೆ ಹೇಳಿ, ಹ್ಯೂಸ್ಟನ್ ಮ್ಯಾಚಿನ ಕೊನೇ ಐದು ನಿಮಿಷ ನಿಮಗೆ ಕಂಡಿದ್ದು ಏನು, ಕೆಟ್ಟ ಶೂಟಿಂಗಾ ಅಥವಾ ಸುಸ್ತಾ?