ತಂಬುಳಿಗೂ ಬಿಸಿ ಮುಟ್ಟಿಸಿದರು

ಭಾನುವಾರದ ಸಿಟ್ಟು ನನಗಿನ್ನೂ ಇಳಿದಿಲ್ಲ. ನೀವೇ ಹೇಳಿ, ತಂಬುಳಿಯನ್ನು ಯಾರಾದ್ರೂ ಬಿಸಿ ಮಾಡ್ತಾರಾ?

ಈ ಸೆಕೆಯಲ್ಲಿ ಒಲೆ ಮುಂದೆ ನಿಲ್ಲೋದು ಯಾರಿಗೂ ಬೇಡ. ಕುಕ್ಕರ್ ಕೂಗಿಸಿ ಅನ್ನ ಮಾಡಿಕೊಂಡರೆ ಆಯ್ತು, ಜೊತೆಗೊಂದು ತಂಬುಳಿ. ನಾನು ಶಿರಸಿ ಕಡೆಯವಳು. ನಮ್ಮಲ್ಲಿ ಬೇಸಿಗೆ ಬಂತಂದ್ರೆ ಹಿತ್ತಲಿನ ಯಾವ ಗಿಡಕ್ಕೂ ನೆಮ್ಮದಿಯಿಲ್ಲ. ದೊಡ್ಡಪತ್ರೆ, ಒಂದೆಲಗ, ದಾಸವಾಳದ ಕುಡಿ, ಪೇರಲೆ ಕುಡಿ, ಎಲ್ಲದಕ್ಕೂ ತಂಬುಳಿಯ ಯೋಗವೇ. ಬೆಂಗಳೂರಿನ ಮೂರನೇ ಮಹಡಿಯಲ್ಲಿ ಹಿತ್ತಲೆಲ್ಲಿ ಬರಬೇಕು? ಸೊಪ್ಪಿನ ಗಾಡಿಯೇ ಗತಿ. ಅಪರೂಪಕ್ಕೆ ಒಂದೆಲಗ ಸಿಕ್ಕಿತು. ಕಟ್ಟು ಬಿಚ್ಚಿದರೆ ಅರ್ಧ ಬೇರು, ಮಿಕ್ಕಿದ್ದರಲ್ಲಿ ಅರ್ಧ ಮಣ್ಣು. ಮೇಲೆ ಕೊಸರಿಗೆ ಒಂದು ಪುಟ್ಟ ಬಸವನಹುಳು. ಅದನ್ನು ಬಾಲ್ಕನಿಯ ತುಳಸಿ ಕುಂಡಕ್ಕೆ ಬಿಟ್ಟೆ, ಇರಲಿ ಪಾಪ.

ನೀರು ತಿಳಿಯಾಗುವವರೆಗೆ ಸೊಪ್ಪು ತೊಳೆದೆ. ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಹುರಿದೆ. ಒಂದೆಲಗವನ್ನು ಮಾತ್ರ ಹಸಿಯಾಗಿಯೇ ಕಾಯಿತುರಿ ಜೊತೆ ನುಣ್ಣಗೆ ರುಬ್ಬಿ, ಕಡೆದ ಮಜ್ಜಿಗೆಗೆ ಬೆರೆಸಿದೆ. ಸಾಸಿವೆ, ಒಣಮೆಣಸಿನ ಒಗ್ಗರಣೆ ಚುಂಯ್ ಅಂದಿತು. ತಿಳಿ ಹಸಿರು ಬಣ್ಣ, ನೋಡಿದರೇ ಹೊಟ್ಟೆ ತಂಪಾಗಬೇಕು. ಪಾತ್ರೆ ಮುಚ್ಚಿಟ್ಟು ಬಟ್ಟೆ ಒಣಹಾಕಲು ತಾರಸಿಗೆ ಹೋದೆ.

ಇಲ್ಲಿ ನಮ್ಮ ಮನೆಯವರ ಬಗ್ಗೆ ಹೇಳಲೇಬೇಕು. ಬಿಸಿ ಇಲ್ಲದ ಪದಾರ್ಥ ಇವರ ಗಂಟಲಲ್ಲಿ ಇಳಿಯುವುದಿಲ್ಲ. ಚಟ್ನಿ ಬಿಸಿ ಮಾಡಿಕೊಂಡಿದ್ದಾರೆ. ಕೋಸಂಬರಿಯನ್ನು ಬಾಣಲೆಯಲ್ಲಿ ಬಾಡಿಸಿಕೊಂಡಿದ್ದಾರೆ. ಯುಗಾದಿಗೆ ಹೋಳಿಗೆಯ ಮೇಲಿನ ಮಾವಿನ ಸೀಕರಣೆ 'ಸ್ವಲ್ಪ ತಣ್ಣಗಿದೆ' ಅಂತ ಮೈಕ್ರೋವೇವ್ ಕಡೆ ಹೊರಟಿತ್ತು, ಮಗಳು ಅಡ್ಡ ನಿಂತು ಉಳಿಸಿದಳು. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಬಿಸಿಲು 39.2 ಡಿಗ್ರಿ ಮುಟ್ಟಿ ದಾಖಲೆಯಾಯ್ತಲ್ಲ, ಆಗಲೂ ಇವರು ಫ್ಲಾಸ್ಕಿನಿಂದ ಹಬೆಯಾಡುವ ನೀರು ಬಗ್ಗಿಸಿಕೊಂಡು, ಉಫ್ ಉಫ್ ಅಂತ ಊದಿ ಕುಡಿಯುತ್ತಿದ್ದರು. ಫ್ಯಾನ್ ಕೆಳಗೆ, ಬನಿಯನ್ ತೊಯ್ದು ತೊಪ್ಪೆಯಾಗಿ.

ಬಟ್ಟೆ ಹಾಕಿ ಬಂದೆ. ಒಲೆ ಮೇಲೆ ನನ್ನ ತಂಬುಳಿ ಕೊತ ಕೊತ ಕುದಿಯುತ್ತಿದೆ!

"ರೀ, ಏನಿದು?"

"ಪೂರ್ತಿ ತಣ್ಣಗಾಗಿತ್ತು ಕಣೇ, ನೀನು ಮರೆತಿರಬೇಕು ಅಂತ ನಾನೇ ಇಟ್ಟೆ."

ಸಹಾಯ ಮಾಡಿದ ಖುಷಿ ಮುಖದ ತುಂಬಾ. ಮಜ್ಜಿಗೆ ಒಡೆದು, ಹಸಿರು ನೀರು ಬೇರೆ, ಬಿಳಿ ಗಡ್ಡೆ ಬೇರೆಯಾಗಿ ತೇಲುತ್ತಿತ್ತು. ಹುಳಿ ಮಜ್ಜಿಗೆಯನ್ನು ಬರೀ ಕುದಿಸಿದರೆ ಒಡೆಯದೆ ಇನ್ನೇನಾಗುತ್ತೆ? ಬಾಯಿಂದ ಮಾತೇ ಹೊರಡದೆ ಬಡಿಸಿದೆ. ಇವರು ಕಲಸಿಕೊಂಡರು, ಒಂದು ಗಡ್ಡೆಯನ್ನು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು. "ಪರವಾಗಿಲ್ವೇ, ಪನೀರ್ ಬೇರೆ ಹಾಕಿದ್ದೀಯ!" ಅಂದು ಎರಡನೇ ಸಲವೂ ಬಡಿಸಿಕೊಂಡರು.

ಅಮ್ಮ ನೆನಪಾದಳು. ಬಚ್ಚಲ ನೀರು ಹರಿಯುವ ಕಡೆ ಬೆಳೆದ ಒಂದೆಲಗವನ್ನು ಸೆರಗಿಗೆ ಕಿತ್ತುಕೊಂಡು ಬಂದು ಒರಳಲ್ಲಿ ರುಬ್ಬುತ್ತಿದ್ದಳು. ಊಟಕ್ಕೆ ಕೂತ ಅಪ್ಪ ಮೊದಲ ಅನ್ನಕ್ಕೆ ತಂಬುಳಿ ಸುರಿದುಕೊಂಡು, ಆಮೇಲೆ ಕೈ ಬಟ್ಟಲು ಮಾಡಿ ಸೊರ್ ಅಂತ ಕುಡಿಯುತ್ತಿದ್ದರು. ಆಗ ಆ ಸದ್ದಿಗೆ ನನಗೆ ನಾಚಿಕೆ. ಈಗ ಯಾರಾದ್ರೂ ಹಾಗೆ ಕುಡಿದರೆ ಸಾಕು ಅನ್ನಿಸುತ್ತೆ.

ಸಂಜೆ ಮೈಸೂರಿನಿಂದ ಅತ್ತೆ ಫೋನ್ ಮಾಡಿದಾಗ ದೂರು ಕೊಟ್ಟೆ. ನ್ಯಾಯ ಸಿಗಬಹುದು ಅಂತ ಆಸೆ.

"ಅಯ್ಯೋ, ಅವನಿಗೆ ತಣ್ಣಗಿನದು ಆಗಲ್ಲ ಕಣಮ್ಮ. ಮೊದಲೇ ಚೂರು ಕಡಲೆಹಿಟ್ಟು ಕಲಸಿಬಿಡು, ಕುದಿಸಿದರೂ ಒಡೆಯಲ್ಲ."

"ಅದು ಮಜ್ಜಿಗೆಹುಳಿ ಆಗುತ್ತೆ ಅತ್ತೆ!"

"ಆಗಲಿ ಬಿಡು. ಅವನಿಗೆ ಮಜ್ಜಿಗೆಹುಳಿ ಅಂದ್ರೆ ಪ್ರಾಣ."